ಬ್ಯಾರಲ್ಲಿನಲ್ಲಿ ಲೋಳೆ ಕಟ್ಟುವುದೇಕೆ? ಕಡಲಕಳೆ ದ್ರಾವಣ, ಸುಣ್ಣ ಮತ್ತು ಮೈಲುತುತ್ತ



ಹುಕ್ಕೇರಿ ತಾಲೂಕಿನ ದಡ್ಡಿ ಘಟಪ್ರಭೆಯ ದಂಡೆಯ ಊರು. ಹೊಳೆ ಇಲ್ಲಿಂದ ಮುಂದೆ ಹರಿದು ಹಿಡಕಲ್ ಜಲಾಶಯವನ್ನು ಸೇರಿ, ಆಮೇಲೆ ಗೋಕಾಕದಲ್ಲಿ ಧುಮುಕುತ್ತದೆ. ಸುತ್ತಮುತ್ತ ಎಲ್ಲಿ ನೋಡಿದರೂ ಕಬ್ಬು. ಆ ಕಬ್ಬಿನ ನಡುವೆ ಒಂದು ಎಕರೆ ಅಡಿಕೆ ಹಚ್ಚಿರುವ ನಮ್ಮ ಸದಸ್ಯರೊಬ್ಬರು ಕಳೆದ ಬೇಸಿಗೆಯಲ್ಲಿ ಸಂಘದ ಕಚೇರಿಗೆ ಫೋನು ಮಾಡಿದರು. "ಸಾಹೇಬ್ರ, ಸಮುದ್ರ ಪಾಚಿ ಪುಡಿ ಬ್ಯಾರಲ್‌ನ್ಯಾಗ ಹಾಕಿ ಕಲಸಿದ್ವಿ. ತಳಕ್ಕ ಲೋಳಿ ಲೋಳಿ ಕುಂತೈತಿ, ಪಂಪ್ ನೀರ ಎಳೀವಲ್ದು. ಮಾಲ ಖೊಟ್ಟಿ ಕೊಟ್ಟಾರೇನ್ರೀ?" ಎಂದು ಅವರ ಪ್ರಶ್ನೆ.

ಮಾಲು ಖೊಟ್ಟಿಯೋ ನಿಜವೋ ಎಂದು ಫೋನಿನಲ್ಲಿ ಹೇಳುವುದು ಹೇಗೆ? ಆ ಕಡೆ ಬೇರೆ ಕೆಲಸವೂ ಇದ್ದುದರಿಂದ ಹೋಗಿಯೇ ನೋಡಿದೆವು. ಬ್ಯಾರಲ್ಲಿಗೆ ತುಂಬಿದ್ದು ಬೋರ್‌ವೆಲ್ ನೀರು. ಆ ನೀರು ಎಂಥದೆಂದು ಕೇಳಿದರೆ ಮನೆಯವರು, "ಬ್ಯಾಳಿ ಬೇಯಂಗಿಲ್ರೀ, ಸಾಬಾಣ ನೊರಿ ಬರಂಗಿಲ್ಲ" ಎಂದರು. ಎರಡು ಗಾಜಿನ ಬಾಟಲಿ ತರಿಸಿ, ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಹೊಳೆಯ ನೀರು ಹಾಕಿ, ಎರಡಕ್ಕೂ ಒಂದೇ ಅಳತೆಯ ಪುಡಿಯನ್ನು ಕಲಸಿದೆವು. ಹೊಳೆಯ ನೀರಿನಲ್ಲಿ ಪುಡಿ ಕರಗಿ ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಬೋರಿನ ನೀರಿನಲ್ಲಿ ಮೊದಲು ಎಳೆ ಎಳೆಯಾಯಿತು, ಆಮೇಲೆ ಗಂಟುಗಂಟಾಗಿ ತಳಕ್ಕಿಳಿಯಿತು. ಪುಡಿ ಒಂದೇ, ಕಲಸಿದ ಕೈ ಒಂದೇ. ಬೇರೆಯಾದದ್ದು ನೀರು ಮಾತ್ರ.

ಅದನ್ನು ನೋಡಿದಾಗ ನಮ್ಮ ತೋಟದ ಹಳೆಯ ಪಾಠವೊಂದು ನೆನಪಾಯಿತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಲೇಸು. ಒಂದು ಮಳೆಗಾಲದ ಎರಡನೆಯ ಔಷಧಿಯ ಹೊತ್ತು. ಎರಡು ದಿನ ಹೊಳವಾಗಿತ್ತು. ಆಳು ಸಿಕ್ಕಿದ್ದೇ ಪುಣ್ಯ, ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗಲಿ ಎಂಬ ಆಸೆಯಿಂದ, ಬೋರ್ಡೋ ದ್ರಾವಣದ ಬ್ಯಾರಲ್ಲಿಗೇ ಕಡಲಕಳೆಯ ದ್ರಾವಣವನ್ನು ಬಾಟಲಿಯಿಂದ ನೇರವಾಗಿ ಸುರಿದೆವು. ಹತ್ತು ಮರ ಮುಗಿಯುವಷ್ಟರಲ್ಲಿ ನಾಜಲ್ ಕಟ್ಟಿತು. ಬಿಚ್ಚಿ ತೊಳೆದರೆ ಮತ್ತೆ ಕಟ್ಟಿತು. ಸೋಸುವ ಜಾಲರಿಯ ಮೇಲೆ ನೀಲಿ ಲೋಳೆ ಅಂಗೈ ದಪ್ಪ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾರಲ್ಲನ್ನೇ ಚೆಲ್ಲಬೇಕಾಯಿತು. ಮರುದಿನ ಹಿಡಿದ ಮಳೆ ವಾರ ಬಿಡಲಿಲ್ಲ. ಔಷಧಿ ತಲುಪದ ಕೆಳಗಿನ ಭಾಗದಲ್ಲಿ ಕೊಳೆ ಬಿದ್ದು ಕಾಯಿ ಉದುರಿತು. ಮಾರಿದವರನ್ನು ಬೈದು ಪ್ರಯೋಜನವಿರಲಿಲ್ಲ. ತಪ್ಪು ನಮ್ಮ ಆತುರದ್ದೇ ಆಗಿತ್ತು.

ದಡ್ಡಿಯ ಬ್ಯಾರಲ್ಲಿಗೆ ಬೋರ್ಡೋ ಬಿದ್ದಿರಲಿಲ್ಲ. ನಮ್ಮ ಬ್ಯಾರಲ್ಲಿಗೆ ಬೋರಿನ ನೀರು ಬಿದ್ದಿರಲಿಲ್ಲ. ಆದರೂ ಎರಡು ಕಡೆಯೂ ಕೂತದ್ದು ಒಂದೇ ಜಾತಿಯ ಲೋಳೆ. ಏಕೆಂದು ತಿಳಿದುಕೊಂಡರೆ ಮುಂದಿನ ಹಂಗಾಮಿನಲ್ಲಿ ನಿಮ್ಮ ಒಂದು ದಿನದ ಆಳಿನ ಕೂಲಿಯೂ ಒಂದಿಷ್ಟು ಫಸಲೂ ಉಳಿದೀತು.

ಕಡಲಕಳೆಯೊಳಗಿನ ಲೋಳೆ

ಕಡಲಕಳೆ ಅಥವಾ ಸಮುದ್ರ ಪಾಚಿಗಳಲ್ಲಿ ಕಂದು, ಕೆಂಪು, ಹಸಿರು ಎಂದು ಮುಖ್ಯವಾಗಿ ಮೂರು ಬಗೆ. ತಮಿಳುನಾಡಿನ ಮಂಡಪಂ, ರಾಮೇಶ್ವರಗಳ ಕಡಲಿನಲ್ಲಿ ಸರ್ಗಾಸಮ್, ಟರ್ಬಿನೇರಿಯಾ ಎಂಬ ಕಂದು ಕಳೆಗಳು ಬೆಳೆಯುತ್ತವೆ. ಪರದೇಶದಿಂದ ಬರುವ ದ್ರಾವಣ, ಪುಡಿಗಳು ಹೆಚ್ಚಾಗಿ ಉತ್ತರ ಅಟ್ಲಾಂಟಿಕ್ ಸಾಗರದ ಆಸ್ಕೋಫಿಲಮ್ ಎಂಬ ಕಂದು ಕಳೆಯವು.

ಕಂದು ಕಳೆಯ ಮೈಯಲ್ಲಿ ಆಲ್ಜಿನೇಟ್ ಎಂಬ ಲೋಳೆ ವಸ್ತುವಿದೆ. ತೆರೆ ಬಡಿದಾಗ ಕಳೆ ಮುರಿಯದೆ ಬಳುಕುವುದು ಇದರಿಂದಲೇ. ಬ್ರಿಟನ್ನಿನ ಸ್ಟ್ಯಾನ್‌ಫರ್ಡ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಬೇರ್ಪಡಿಸುವ ವಿಧಾನಕ್ಕೆ 1881ರಲ್ಲಿ ಪೇಟೆಂಟ್ ಪಡೆದನು. ಐಸ್‌ಕ್ರೀಮನ್ನು ನುಣುಪಾಗಿಡುವುದಕ್ಕೂ, ಬಟ್ಟೆಗೆ ಅಚ್ಚು ಹಾಕುವ ಬಣ್ಣವನ್ನು ಮಂದ ಮಾಡುವುದಕ್ಕೂ ಇದನ್ನು ಬಳಸುತ್ತಾರೆ.

ಇದರ ರಚನೆ ಸರಪಳಿಯಂತೆ. ಸಕ್ಕರೆಯ ಸಂಬಂಧಿಗಳಾದ ಎರಡು ಬಗೆಯ ಕೊಂಡಿಗಳು, ಮ್ಯಾನ್ಯುರಾನಿಕ್ ಆಮ್ಲ ಮತ್ತು ಗುಲುರಾನಿಕ್ ಆಮ್ಲ, ನೂರಾರು ಸಂಖ್ಯೆಯಲ್ಲಿ ಒಂದಕ್ಕೊಂದು ಸೇರಿ ಒಂದು ಸರಪಳಿಯಾಗುತ್ತದೆ. ಪ್ರತಿ ಕೊಂಡಿಯಲ್ಲಿಯೂ ಒಂದು ಋಣ ವಿದ್ಯುದಾವೇಶವಿರುತ್ತದೆ. ಆ ಆವೇಶವನ್ನು ಸರಿದೂಗಿಸಲು ಧನ ಆವೇಶದ ಒಂದು ಲೋಹದ ಕಣ, ಅಂದರೆ ಅಯಾನು, ಜೊತೆಗಿರಲೇಬೇಕು. ಆ ಜೊತೆಗಾರ ಯಾರು ಎಂಬುದರ ಮೇಲೆ ನಮ್ಮ ಬ್ಯಾರಲ್ಲಿನ ಗತಿ ನಿಂತಿದೆ.

ಜೊತೆಗಾರ ಸೋಡಿಯಮ್ ಅಥವಾ ಪೊಟಾಸಿಯಮ್ ಆದರೆ ತೊಂದರೆಯಿಲ್ಲ. ಇವಕ್ಕೆ ಒಂದೇ ಆವೇಶ, ಅಂದರೆ ಒಂದೇ ಕೈ. ಒಂದು ಕೈಯಿಂದ ಒಂದು ಸರಪಳಿಯನ್ನು ಹಿಡಿದರೆ ಇನ್ನೊಂದನ್ನು ಹಿಡಿಯಲು ಕೈ ಉಳಿಯದು. ಸರಪಳಿಗಳು ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ; ದ್ರಾವಣ ತುಸು ಮಂದವಾದರೂ ಹರಿಯುತ್ತದೆ. ಆಸ್ಕೋಫಿಲಮ್ಮಿನಂಥ ಕಂದು ಕಳೆಯ ಸಾರವನ್ನು ಸಾಮಾನ್ಯವಾಗಿ ಪೊಟಾಸಿಯಮ್ ಕ್ಷಾರದಿಂದ ತೆಗೆಯುತ್ತಾರೆ. ಆದುದರಿಂದಲೇ ಅದು ಬಾಟಲಿಯಲ್ಲಿರುವಾಗ ತಿಳಿಯಾಗಿ ಹರಿಯುತ್ತದೆ.

ಜೊತೆಗಾರ ಕ್ಯಾಲ್ಸಿಯಮ್ ಆದರೆ ಕಥೆಯೇ ಬೇರೆ. ಅದಕ್ಕೆ ಎರಡು ಕೈ. ಒಂದರಿಂದ ಈ ಸರಪಳಿಯನ್ನೂ ಇನ್ನೊಂದರಿಂದ ಆ ಸರಪಳಿಯನ್ನೂ ಹಿಡಿಯುತ್ತದೆ.

ಅಳಗುಳಿಮಣೆಯ ಲೆಕ್ಕ

ಆದರೆ ಎರಡು ಕೈ ಇದ್ದಮಾತ್ರಕ್ಕೆ ಲೋಳೆ ಗಟ್ಟಿಯಾಗುವುದಿಲ್ಲ. ಮೆಗ್ನೀಸಿಯಮ್ಮಿಗೂ ಎರಡು ಕೈ ಇದೆ. ಆದರೂ ಅದು ಆಲ್ಜಿನೇಟನ್ನು ಹೆಪ್ಪುಗಟ್ಟಿಸದು. ಈ ರಹಸ್ಯವನ್ನು ಬಿಡಿಸಿದ್ದು 1973ರಲ್ಲಿ ಬ್ರಿಟನ್ನಿನ ಐವರು ವಿಜ್ಞಾನಿಗಳು. ಗುಲುರಾನಿಕ್ ಕೊಂಡಿಗಳು ಸಾಲಾಗಿ ಬಂದ ಕಡೆ ಸರಪಳಿ ಅಂಕುಡೊಂಕಾಗಿ, ನಡುನಡುವೆ ಗುಳಿಗಳಾಗುತ್ತವೆ. ಎರಡು ಸರಪಳಿಗಳು ಎದುರುಬದುರಾದಾಗ ಆ ಗುಳಿಗಳಲ್ಲಿ ಕ್ಯಾಲ್ಸಿಯಮ್ ಅಯಾನು ಸರಿಯಾಗಿ ಕೂಡುತ್ತದೆ. ಅವರು ಇದಕ್ಕೆ ಮೊಟ್ಟೆ ಇಡುವ ಪೆಟ್ಟಿಗೆಯ ಹೋಲಿಕೆ ಕೊಟ್ಟರು.

ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಯ ಅಟ್ಟದ ಮೇಲೆ ಅಳಗುಳಿಮಣೆ ಇದೆ. ಕೆಲವು ಕಡೆ ಅದಕ್ಕೆ ಚೆನ್ನೆಮಣೆ ಎನ್ನುತ್ತಾರೆ. ಒಂದು ಮಣೆಯ ಗುಳಿಗಳಲ್ಲಿ ಒಂದೊಂದು ಗೋಲಿ ಇಟ್ಟು, ಅದರ ಮೇಲೆ ಇನ್ನೊಂದು ಮಣೆಯನ್ನು ಬೋರಲು ಹಾಕಿದರೆ ಎರಡು ಮಣೆಗಳ ಗುಳಿಯಲ್ಲಿಯೂ ಗೋಲಿ ಕೂತು, ಮಣೆ ಅತ್ತಿತ್ತ ಜಾರದು. ಒಂದೇ ಗೋಲಿಯಾದರೆ ಅಲುಗಾಡೀತು. ಸಾಲಾಗಿ ಏಳು ಗೋಲಿ ಕೂತರೆ ಭದ್ರ. ಸರಪಳಿಗಳ ಕಥೆಯೂ ಹೀಗೆಯೇ. ಅಕ್ಕಪಕ್ಕದ ಗುಳಿಗಳೆಲ್ಲ ತುಂಬಿದಾಗ ಹಿಡಿತ ಬಿಗಿಯಾಗುತ್ತದೆ. ಹೀಗೆ ಸಾವಿರಾರು ಸರಪಳಿಗಳು ಅಲ್ಲಲ್ಲಿ ಹೆಣೆದುಕೊಂಡು ಬಲೆಯಾಗುತ್ತವೆ. ಬಲೆಯ ಕಣ್ಣುಗಳಲ್ಲಿ ನೀರು ಸಿಕ್ಕಿಬೀಳುತ್ತದೆ. ಆ ನೀರು ಹರಿಯಲಾರದು; ಅದೇ ನಾವು ಕಂಡ ಲೋಳೆ, ವಿಜ್ಞಾನಿಗಳ ಮಾತಿನಲ್ಲಿ ಜೆಲ್.

ಮೆಗ್ನೀಸಿಯಮ್ ಅಯಾನು ಚಿಕ್ಕದು. ತನ್ನ ಸುತ್ತಲಿನ ನೀರಿನ ಕಣಗಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಗುಳಿಯಲ್ಲಿ ಸರಿಯಾಗಿ ಕೂಡದು. ಇತ್ತ ತಾಮ್ರದ ಹಿಡಿತ ಕ್ಯಾಲ್ಸಿಯಮ್ಮಿಗಿಂತಲೂ ಬಿಗಿ. ಸತು ತುಸು ಕಡಿಮೆ ಬಿಗಿಯಾಗಿ ಹಿಡಿಯುತ್ತದೆ. ಮೂರು ಆವೇಶದ ಕಬ್ಬಿಣವೂ ಹಿಡಿಯುತ್ತದೆ. ತೋಟದಲ್ಲಿ ನಾವು ದಿನನಿತ್ಯ ಕೈಗೆತ್ತಿಕೊಳ್ಳುವ ವಸ್ತುಗಳ ಪಟ್ಟಿಯೇ ಇದು ಎಂಬುದನ್ನು ಗಮನಿಸಬೇಕು. ಸುಣ್ಣದಲ್ಲಿ ಕ್ಯಾಲ್ಸಿಯಮ್, ಮೈಲುತುತ್ತದಲ್ಲಿ ತಾಮ್ರ, ಜಿಂಕ್ ಸಲ್ಫೇಟಿನಲ್ಲಿ ಸತು.

ದಡ್ಡಿಯ ಬೋರಿನ ನೀರಿನಲ್ಲಿ ನಡೆದದ್ದೂ ಇದೇ. ನೆಲದಡಿಯ ಸುಣ್ಣಾಂಶವನ್ನು ಕರಗಿಸಿಕೊಂಡು ಬಂದ ಗಡಸು ನೀರು ಅದು. ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿಸುವ ಆ ಸುಣ್ಣವೇ ಬ್ಯಾರಲ್ಲಿನಲ್ಲಿ ಸರಪಳಿಗಳನ್ನು ಹೆಣೆಯಿತು. ಬೇಳೆ ಬೇಯದಿರುವುದಕ್ಕೂ ಕಾರಣ ಅದೇ. ನೆಲದ ಗಿಡಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪೆಕ್ಟಿನ್ ಎಂಬ ವಸ್ತು ಆಲ್ಜಿನೇಟಿನ ದಾಯಾದಿ. ಅದರಲ್ಲಿಯೂ ಅಂಥದೇ ಗುಳಿಗಳಿವೆ. ಗಡಸು ನೀರಿನ ಕ್ಯಾಲ್ಸಿಯಮ್ ಬೇಳೆಯ ಪೆಕ್ಟಿನ್ನನ್ನು ಬಿಗಿದುಬಿಡುತ್ತದೆ. ಒಂದು ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಳೆ ಮೆತ್ತಗಾಗುವುದನ್ನು ನಮ್ಮ ತಾಯಂದಿರು ರಸಾಯನಶಾಸ್ತ್ರ ಓದದೆಯೇ ಕಂಡುಕೊಂಡಿದ್ದರು. ಕಾಫಿ ಬೆಳೆಯುವ ಸದಸ್ಯರು ಪಲ್ಪಿಂಗ್ ಆದ ಮೇಲೆ ಬೀಜದ ಮೈಯಿಂದ ಬಿಡಿಸಲು ಹೆಣಗುವ ಲೋಳೆಯಲ್ಲಿಯೂ ಈ ಪೆಕ್ಟಿನ್ನೇ ಇದೆ.

ಬೋರ್ಡೋ ಬ್ಯಾರಲ್ಲಿನೊಳಗೆ

ಇನ್ನು ನಮ್ಮ ತೋಟದ ಅನಾಹುತಕ್ಕೆ ಬರೋಣ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಈ ಔಷಧಿಯನ್ನು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಲೋಕಕ್ಕೆ ತಿಳಿಸಿದನು. ನಮ್ಮಲ್ಲಿ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದು, ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವುದನ್ನು ಬಳಕೆಗೆ ತಂದವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೋಲ್ಮನ್. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಎಂಬ ಶೇ. 1ರ ಲೆಕ್ಕ ನಿಮಗೆಲ್ಲ ಬಾಯಿಪಾಠ.

ಈ ಎರಡು ಸೇರಿದಾಗ ತಾಮ್ರವು ನೀಲಿ ಗಸಿಯಾಗಿ ತೇಲುತ್ತದೆ. ಜೊತೆಗೆ ಕ್ಯಾಲ್ಸಿಯಮ್ ಸಲ್ಫೇಟ್, ಅಂದರೆ ಜಿಪ್ಸಮ್, ಹುಟ್ಟುತ್ತದೆ. ಜಿಪ್ಸಮ್ ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಕರಗಬಲ್ಲದು. ಅಂದರೆ ದ್ರಾವಣವನ್ನು ಎಷ್ಟೇ ಹದವಾಗಿ ಮಾಡಿದ್ದರೂ ಅದರ ನೀರಿನಲ್ಲಿ ಕರಗಿದ ಕ್ಯಾಲ್ಸಿಯಮ್ ಇದ್ದೇ ಇರುತ್ತದೆ. ಸುಣ್ಣ ಹೆಚ್ಚಾದರೆ ಇನ್ನಷ್ಟು ಕ್ಯಾಲ್ಸಿಯಮ್. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ. ಮಸೆದ ಕತ್ತಿಯನ್ನು ಅದ್ದಿದಾಗ ಕೆಂಪು ಲೇಪ ಹಿಡಿಯುವುದು ಈ ಕರಗಿದ ತಾಮ್ರದಿಂದಲೇ. ಯಾವ ಕಡೆಗೆ ವಾಲಿದರೂ ಆಲ್ಜಿನೇಟಿನ ಗುಳಿ ತುಂಬಲು ಗೋಲಿ ಸಿದ್ಧವಾಗಿರುತ್ತದೆ.

ಹಲ್ಲಿನ ಡಾಕ್ಟರರು ಕಟ್ಟುಹಲ್ಲಿನ ಅಳತೆಗಾಗಿ ಬಾಯಿಗಿಡುವ ಹಿಟ್ಟಿನಂಥ ವಸ್ತುವನ್ನು ಕಂಡಿರಬಹುದು. ಅದರಲ್ಲಿರುವುದು ಆಲ್ಜಿನೇಟ್ ಮತ್ತು ಜಿಪ್ಸಮ್ ಜಾತಿಯ ಪುಡಿ. ನೀರು ಹಾಕಿ ಕಲಸಿದ ಕೆಲವೇ ನಿಮಿಷಗಳಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಅವರು ಬೇಕೆಂದು ಮಾಡುವುದನ್ನು ನಾವು ಬೇಡವಾದ ಜಾಗದಲ್ಲಿ ಮಾಡಿಕೊಂಡೆವು ಅಷ್ಟೇ.

ಬಾಟಲಿಯಿಂದ ನೇರವಾಗಿ ಸುರಿದದ್ದು ನಮ್ಮ ಇನ್ನೊಂದು ತಪ್ಪು. ಗಾಢವಾದ ದ್ರಾವಣ ಕ್ಯಾಲ್ಸಿಯಮ್ಮಿನ ನೀರಿಗೆ ಬಿದ್ದೊಡನೆ ಅದರ ಹೊರಮೈ ಮೊದಲು ಹೆಪ್ಪುಗಟ್ಟಿ ಚರ್ಮದಂತಾಗುತ್ತದೆ. ಆಮೇಲೆ ಎಷ್ಟು ಕೋಲಾಡಿಸಿದರೂ ಗಂಟು ಬಿಡದು. ಬೇರೆ ಬಕೆಟ್ಟಿನಲ್ಲಿ ತೆಳುಮಾಡಿ ಹಾಕಿದ್ದರೆ ಗಂಟಿನ ಬದಲು ಸಣ್ಣ ಸಣ್ಣ ತುಣುಕುಗಳಾಗುತ್ತಿದ್ದವು. ಅವೂ ಜಾಲರಿಯ ಮೇಲೆ ಕೂಡಿಕೊಳ್ಳುತ್ತಿದ್ದವು.

"ಲೋಳೆಯಾದರೆ ಗೊನೆಗೆ ಇನ್ನೂ ಚೆನ್ನಾಗಿ ಅಂಟುತ್ತದಲ್ಲ, ಮಳೆಗೆ ತೊಳೆಯಲಿಕ್ಕಿಲ್ಲ" ಎಂದು ಕೆಲವರು ವಾದಿಸಬಹುದು. ನಮಗೂ ಮೊದಲು ಹಾಗನ್ನಿಸಿತ್ತು. ಆದರೆ ಬೋರ್ಡೋ ಕೆಲಸ ಮಾಡುವುದು ಕಾಯಿಯ ಮೈಮೇಲೆಲ್ಲ ತೆಳುವಾಗಿ, ಸಮವಾಗಿ ಹರಡಿದಾಗ. ತಾಮ್ರ ಗಂಟಿನಲ್ಲಿ ಸಿಕ್ಕಿಕೊಂಡರೆ ಒಂದು ಕಾಯಿಗೆ ಹೆಚ್ಚು, ಪಕ್ಕದ ಕಾಯಿಗೆ ಏನೂ ಇಲ್ಲ. ಕೊಳೆರೋಗಕ್ಕೆ ಬಿಟ್ಟುಹೋದ ಒಂದು ಕಾಯಿಯೇ ಸಾಕು. ಅಲ್ಲಿಂದ ಗೊನೆಗೆಲ್ಲ ಹರಡುತ್ತದೆ.

ಕೆಂಪು ಕಳೆಯ ಮಾತು

ಎಲ್ಲ ಕಡಲಕಳೆಯೂ ಹೀಗೆಯೇ ವರ್ತಿಸುತ್ತದೆ ಎಂದು ತಿಳಿಯಬಾರದು. ತಮಿಳುನಾಡಿನ ಕರಾವಳಿಯಲ್ಲಿ ಕೃಷಿ ಮಾಡುವ ಕಪ್ಪಾಫೈಕಸ್ ಎಂಬುದು ಕೆಂಪು ಕಳೆ. ಅದರ ಲೋಳೆಗೆ ಕ್ಯಾರಜೀನನ್ ಎಂದು ಹೆಸರು. ಅದನ್ನು ಚೆನ್ನಾಗಿ ಗಟ್ಟಿ ಮಾಡುವುದು ಕ್ಯಾಲ್ಸಿಯಮ್ಮಿಗಿಂತ ಹೆಚ್ಚಾಗಿ ಪೊಟಾಸಿಯಮ್. ಹಸಿ ಕಳೆಯನ್ನು ಅರೆದು ಹಿಂಡಿ ರಸ ತೆಗೆಯುವ ವಿಧಾನವನ್ನು ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ರೂಪಿಸಿದರು. ಲೋಳೆಯ ಬಹುಭಾಗ ಹಿಂಡಿದ ಚರಟದಲ್ಲಿಯೇ ಉಳಿಯುವುದರಿಂದ ಇಂಥ ರಸ ನಾಜಲ್ ಕಟ್ಟಿಸುವ ಸಂಭವ ಕಡಿಮೆ. ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸ್, ಅಂದರೆ ಅಗರ್, ಇದೂ ಕೆಂಪು ಕಳೆಯದೇ. ಅದಕ್ಕೆ ಯಾವ ಲೋಹವೂ ಬೇಡ, ಕುದಿಸಿ ಆರಿಸಿದರೆ ಸಾಕು, ಹೆಪ್ಪುಗಟ್ಟುತ್ತದೆ.

ಆದುದರಿಂದ ಕೊಳ್ಳುವಾಗ ಯಾವ ಕಳೆಯಿಂದ ಮಾಡಿದ್ದೆಂದು ಚೀಟಿಯಲ್ಲಿ ಓದಿಕೊಳ್ಳಬೇಕು. ಕೇಂದ್ರ ಸರ್ಕಾರವು 2021ರಲ್ಲಿ ಕಡಲಕಳೆಯ ಸಾರಗಳನ್ನು ಜೈವಿಕ ಪ್ರಚೋದಕಗಳೆಂಬ ಹೆಸರಿನಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ವ್ಯಾಪ್ತಿಗೆ ತಂದಿದೆ. ಚೀಟಿಯಿಲ್ಲದ ಡಬ್ಬಿಯನ್ನು ಮನೆಗೆ ತರಬಾರದು.

ಕವಳದ ಸುಣ್ಣದಿಂದ ಪರೀಕ್ಷೆ

ಚೀಟಿ ಏನೇ ಹೇಳಲಿ, ಎರಡು ನಿಮಿಷದ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಎಲೆ ಅಡಿಕೆಯ ಡಬ್ಬಿಯಿಂದ ಒಂದು ಉಗುರಿನಷ್ಟು ಸುಣ್ಣ ತೆಗೆದು ಒಂದು ಲೋಟ ನೀರಿಗೆ ಕದಡಿ, ತಿಳಿಯಾಗಲು ಬಿಡಿ. ತಿಳಿಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಕಡಲಕಳೆ ದ್ರಾವಣವನ್ನು ಒಂದೊಂದೇ ಹನಿ ಬಿಡಿ. ಪುಡಿಯಾದರೆ ಮೊದಲು ಮಳೆಯ ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಳ್ಳಿ. ಹನಿ ಕರಗಿ ಹರಡಿದರೆ ಲೋಳೆ ಕಡಿಮೆ. ಹನಿ ಹನಿಯಾಗಿಯೇ ನಿಂತರೆ ಅಥವಾ ಹುಳುವಿನಂತೆ ಎಳೆಯಾದರೆ ಆಲ್ಜಿನೇಟ್ ಇದೆ ಎಂದರ್ಥ. ಲೋಳೆಯಾಗದೆ ಕಂದು ಗಸಿ ಇಳಿದರೆ ಅದರಲ್ಲಿ ಹ್ಯೂಮಿಕ್ ಆಮ್ಲ ಬೆರೆತಿರಬಹುದು. ಅದೂ ಸುಣ್ಣಕ್ಕೆ ಆಗದು.

ಲೋಳೆಯಾದಮಾತ್ರಕ್ಕೆ ಮಾಲು ಖೊಟ್ಟಿ ಎನ್ನಬೇಡಿ. ದಡ್ಡಿಯ ಸದಸ್ಯರಿಗೂ ನಾವು ಇದನ್ನೇ ಹೇಳಿದೆವು. ಲೋಳೆ ಕಟ್ಟಿದ್ದು ಅದರಲ್ಲಿ ಕಂದು ಕಳೆಯ ಸತ್ವ ಇರುವುದಕ್ಕೇ ಒಂದು ಗುರುತು.

ಮಾಡಬೇಕಾದದ್ದು ಇಷ್ಟು

1. ಬೋರ್ಡೋ ದ್ರಾವಣಕ್ಕೆ ಕಡಲಕಳೆಯನ್ನು ಬೆರೆಸಬಾರದು. ಎರಡನ್ನೂ ಬೇರೆ ಬೇರೆ ದಿನ ಹೊಡೆಯಬೇಕು. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇ. 0.5ರ ಬೋರ್ಡೋ ಹೊಡೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

2. ಕ್ಯಾಲ್ಸಿಯಮ್ ನೈಟ್ರೇಟ್, ಜಿಂಕ್ ಸಲ್ಫೇಟ್‌ಗಳ ಜೊತೆಗೂ ಬೇಡ. ಹನಿ ನೀರಾವರಿಯ ಟ್ಯಾಂಕಿನಲ್ಲಂತೂ ಇವು ಸೇರಲೇಬಾರದು. ಪೈಪಿನೊಳಗೆ ಕಟ್ಟಿದ ಲೋಳೆಯನ್ನು ತೆಗೆಯುವುದು ನಾಜಲಿನಷ್ಟು ಸುಲಭವಲ್ಲ.

3. ಬೋರ್ಡೋ ಹೊಡೆದ ಬ್ಯಾರಲ್, ಪೈಪು, ಪಂಪುಗಳನ್ನು ಚೆನ್ನಾಗಿ ತೊಳೆದ ಮೇಲೆಯೇ ಕಡಲಕಳೆಗೆ ಬಳಸಬೇಕು. ತಳದಲ್ಲಿ ಉಳಿದ ಸುಣ್ಣದ ಗಸಿಯೇ ಸಾಕು, ಕೆಲಸ ಕೆಡಿಸಲು.

4. ಹೊಳೆಯ ನೀರು, ಮಳೆಯ ನೀರು ಉತ್ತಮ. ಗಡಸು ನೀರು ಬಿಟ್ಟು ಬೇರೆ ಇಲ್ಲದಿದ್ದರೆ ಮೊದಲು ಅರ್ಧ ಲೀಟರಿನ ಬಾಟಲಿಯಲ್ಲಿ ಪರೀಕ್ಷಿಸಿ. ಚೀಟಿಯಲ್ಲಿ ಲೀಟರಿಗೆ 2 ಮಿ.ಲೀ. ಎಂದಿದ್ದರೆ ಈ ಬಾಟಲಿಗೆ 1 ಮಿ.ಲೀ. ಹಾಕಿ, ಕುಲುಕಿ, ಅರ್ಧ ಗಂಟೆ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ ನೋಡಿ. ಬಟ್ಟೆಯ ಮೇಲೆ ಲೋಳೆ ಉಳಿದರೆ ಆ ನೀರು ಬೇಡ.

5. ಯಾವಾಗಲೂ ಬಕೆಟ್ಟಿನಲ್ಲಿ ತೆಳುಮಾಡಿಕೊಂಡ ಮೇಲೆಯೇ ಬ್ಯಾರಲ್ಲಿಗೆ ಹಾಕಬೇಕು.

ನಾಜಲ್ ಕಟ್ಟಿಯೇ ಬಿಟ್ಟರೆ

ಕಟ್ಟಿದ ನಾಜಲನ್ನು ಬಾಯಿಂದ ಊದಬಾರದು. ಸೂಜಿ ಹಾಕಿ ತಿವಿದರೆ ತೂತು ಅಗಲವಾಗಿ ಹನಿ ದಪ್ಪವಾಗುತ್ತದೆ. ಹುಳಿ ಹಾಕಿದರೆ ಸುಣ್ಣ ಬಿಡುತ್ತದೆಂದು ನಿಂಬೆರಸ ಸುರಿಯುವವರಿದ್ದಾರೆ. ಸುಣ್ಣದ ಹಕ್ಕಳೆ ಬಿಟ್ಟೀತು. ಆದರೆ ಹುಳಿಯಲ್ಲಿ ಆಲ್ಜಿನೇಟ್ ನೀರಿಗೆ ಕರಗದ ಆಲ್ಜಿನಿಕ್ ಆಮ್ಲವಾಗಿ ಅಲ್ಲಿಯೇ ಕೂಡುತ್ತದೆ.

ಕಡಲಕಳೆಯಿಂದ ಆಲ್ಜಿನೇಟ್ ತೆಗೆಯುವ ಕಾರ್ಖಾನೆಯವರು ಕಳೆಯನ್ನು ಮೊದಲು ಆಮ್ಲದಲ್ಲಿ ತೊಳೆದು, ಆಮೇಲೆ ವಾಷಿಂಗ್ ಸೋಡದ ದ್ರಾವಣದಲ್ಲಿ ಕರಗಿಸುತ್ತಾರೆ. ಸೋಡದಲ್ಲಿನ ಸೋಡಿಯಮ್ ಗುಳಿಗೆ ಬಂದು, ಒಂದೇ ಕೈಯ ಜೊತೆಗಾರನಾಗಿ, ಸರಪಳಿಗಳನ್ನು ಬಿಡಿಸುತ್ತದೆ. ನಾವು ನಾಜಲಿನಲ್ಲಿ ಮಾಡಬೇಕಾದುದೂ ಅದನ್ನೇ. ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ವಾಷಿಂಗ್ ಸೋಡ ಕರಗಿಸಿ, ನಾಜಲ್, ಜಾಲರಿಗಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೊಳೆಯಬೇಕು. ಕೈಗೆ ಗ್ಲೌಸು ಇರಲಿ. ಅಲ್ಯೂಮಿನಿಯಮ್ ಭಾಗಗಳನ್ನು ಇದರಲ್ಲಿ ಅದ್ದಬಾರದು, ಸೋಡ ಅದನ್ನು ತಿನ್ನುತ್ತದೆ.

ಸೋಡಕ್ಕೆ ಜಗ್ಗದಿದ್ದರೆ ಇನ್ನೊಂದು ದಾರಿಯಿದೆ. ಹತ್ತು ನಿಂಬೆಹಣ್ಣಿನ ರಸಕ್ಕೆ ಅಡುಗೆ ಸೋಡವನ್ನು ಚೂರುಚೂರೇ ಹಾಕುತ್ತ ಬಂದರೆ ನೊರೆಯುಕ್ಕುತ್ತದೆ. ನೊರೆ ನಿಂತಾಗ ಅದು ಹುಳಿಯಾಗಿ ಉಳಿಯದೆ ಸೋಡಿಯಮ್ ಸಿಟ್ರೇಟ್ ಆಗಿರುತ್ತದೆ. ಕ್ಯಾಲ್ಸಿಯಮ್ ಮತ್ತು ತಾಮ್ರ ಎರಡನ್ನೂ ಗುಳಿಯಿಂದ ಕಿತ್ತು ತನ್ನ ಕಡೆ ಸೆಳೆದುಕೊಳ್ಳುವ ಗುಣ ಅದಕ್ಕಿದೆ. ನಾಜಲನ್ನು ಅದರಲ್ಲಿ ನೆನೆಹಾಕಿ ತೊಳೆದರೆ ಲೋಳೆ ಸಡಿಲಾಗುತ್ತದೆ.

ದಡ್ಡಿಯ ನಮ್ಮ ಸದಸ್ಯರು ಈಗ ಹೊಳೆಯ ನೀರನ್ನೇ ಬ್ಯಾರಲ್ಲಿಗೆ ತುಂಬುತ್ತಿದ್ದಾರೆ. ನಾವೂ ಆ ವರ್ಷದಿಂದ ಈಚೆಗೆ, ಎಷ್ಟೇ ಅವಸರವಿರಲಿ, ಬೋರ್ಡೋ ಹೊಡೆಯುವ ದಿನ ಬೋರ್ಡೋ ಒಂದನ್ನೇ ಹೊಡೆಯುತ್ತೇವೆ. ಹೊಳವು ಇರುವ ಎರಡು ದಿನದಲ್ಲಿ ಒಂದು ಕೆಲಸವಾದರೂ ಪೂರ್ತಿಯಾಗಲಿ ಎಂಬುದು ನಾವು ಆ ದಿನ ಕಲಿತದ್ದು.

ಸದಸ್ಯರು ತಮ್ಮ ತಮ್ಮ ನೀರಿನಲ್ಲಿ ಈ ಪರೀಕ್ಷೆ ಮಾಡಿ, ಕಂಡದ್ದನ್ನು ಸಂಘದ ಕಚೇರಿಗೆ ಒಂದು ಸಾಲು ಬರೆದು ತಿಳಿಸಬೇಕಾಗಿ ವಿನಂತಿ.